ಎರಡೂ ಹಳದಿ ಅದಾವಲ್ಲೋ ತಮ್ಮಾ

ನಮ್ಮ ಮನೆಯಲ್ಲಿ ಚೀಟಿ ಓದುವವನು ನಾನೇ. ದವಾಖಾನೆ ಚೀಟಿ, ಬ್ಯಾಂಕಿನ ಪತ್ರ, ಕರೆಂಟ್ ಬಿಲ್ಲು, ರೇಷನ್ ಮೆಸೇಜು, ಯಾವುದು ಬಂದರೂ ಅವ್ವ ನನ್ನ ಕೈಗೆ ಕೊಡುತ್ತಾಳೆ. ಓಣಿಯವರೂ ಕೊಡುತ್ತಾರೆ. "ಪೇಪರಿನಾಂವ ಅದಾನಲ್ಲ, ಅವಂಗ ತೋರಸ್ರಿ" ಅನ್ನುತ್ತಾರೆ. ಪತ್ರಿಕೋದ್ಯಮದ ಡಿಪ್ಲೊಮಾ ಮಾಡಿದ್ದೇನೆ, ಹತ್ತು ವರ್ಷದಿಂದ ಜಿಲ್ಲೆಯ ಸುದ್ದಿ ಕಳಿಸುತ್ತಿದ್ದೇನೆ. ಹಾಗಾಗಿ ನಾನು ಓದಿ ಹೇಳಿದ್ದೇ ಮನೆಯಲ್ಲಿ ಕೊನೆಯ ಮಾತು.

ಆ ಕೊನೆಯ ಮಾತಿನಿಂದ ಎರಡು ವರ್ಷದ ಹಿಂದೆ ಅವ್ವನ ಜೀವ ಹೋಗುವುದರಲ್ಲಿತ್ತು. ಮನೆಯವರಿಗೆ ಬಿಟ್ಟರೆ ಇದನ್ನು ಯಾರಿಗೂ ಹೇಳಿರಲಿಲ್ಲ. ಈಗ ಬರೆಯುತ್ತಿದ್ದೇನೆ, ಯಾಕಂದರೆ ಇದನ್ನು ಓದುವ ನಿಮ್ಮಲ್ಲೂ ಬಹಳ ಮಂದಿ ನಿಮ್ಮ ಮನೆಯ ಚೀಟಿ ಓದುವವರೇ ಆಗಿರುತ್ತೀರಿ.

ಅವ್ವ ಇಳಕಲ್ಲಿನ ನೇಕಾರರ ಮನೆಯವಳು. ನಾಲ್ಕನೆಯ ಇಯತ್ತೆವರೆಗೆ ಓದಿದ್ದಾಳೆ. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸು ಬೇರೆ, ಒಡಲಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸೇರಿಸಿ ಕೊಂಡಿ ಹಾಕಬೇಕು. ಒಂದು ಎಳೆ ತಪ್ಪಿದರೆ ಸೀರೆಯಲ್ಲಿ ಅದು ಎದ್ದು ಕಾಣುತ್ತದೆ. ಆ ಕೆಲಸವನ್ನು ಅವ್ವ ನಲವತ್ತು ವರ್ಷ ಮಾಡಿದಳು. ಆಮೇಲೆ ಬೆರಳ ಸಂದುಗಳು ಬಾತುಕೊಂಡವು. ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ, ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ.

ದೊಡ್ಡ ಊರಿನ ದವಾಖಾನೆಗೆ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ ಮಾಡಿ ಸಂಧಿವಾತ ಅಂದರು. ಹೊರಗೆ ಪಾಳಿ ದೊಡ್ಡದಿತ್ತು. ಡಾಕ್ಟರು ಚೀಟಿ ಬರೆದು "ತಿಳೀತಲ್ಲ?" ಅಂದರು. "ಹೂಂ ತಿಳೀತ್ರಿ ಸರ್" ಅಂದೆ. ನನಗೇನೂ ತಿಳಿದಿರಲಿಲ್ಲ.

ಚೀಟಿಯಲ್ಲಿ ಎರಡು ಗುಳಿಗೆ ಇದ್ದವು. ಒಂದು ಮೆಥೊಟ್ರೆಕ್ಸೇಟ್, ಇನ್ನೊಂದು ಫೋಲಿಕ್ ಆಸಿಡ್. ಫೋಲಿಕ್ ಆಸಿಡ್ ಮುಂದೆ ಇಂಗ್ಲಿಷಿನಲ್ಲಿ 'ಓ ಡಿ' ಅಂತ ಇತ್ತು, ಅಂದರೆ ದಿನಕ್ಕೊಂದು. ಮೆಥೊಟ್ರೆಕ್ಸೇಟ್ ಮುಂದೆ 'ಓ ಡಬ್ಲ್ಯೂ' ಅಂತ ಇತ್ತು, ಅಂದರೆ ವಾರಕ್ಕೊಂದು. ಅವಸರದ ಕೈಬರಹದಲ್ಲಿ ಎರಡೂ ನನಗೆ ಒಂದೇ ಥರ ಕಂಡವು. ಔಷಧ ಅಂಗಡಿಯ ಹುಡುಗ ಎರಡೂ ಪಟ್ಟಿಯ ಮೇಲೆ ಬಾಲ್‌ಪೆನ್ನಿನಿಂದ '1' ಅಂತ ಬರೆದುಕೊಟ್ಟ. ಮನೆಗೆ ಬಂದು "ಅವ್ವಾ, ಎರಡೂ ದಿನಕ್ಕೊಂದು" ಅಂದೆ.

ಅವ್ವ ಎರಡೂ ಗುಳಿಗೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. ಎರಡೂ ಸಣ್ಣವು, ಎರಡೂ ಹಳದಿ.

"ಎರಡೂ ಹಳದಿ ಅದಾವಲ್ಲೋ ತಮ್ಮಾ. ಒಂದ ಥರ ಅದಾವು. ಎರಡ್ಯಾಕ ಕೊಟ್ಟಾರ?"

"ಡಾಕ್ಟರ್ ಬರದಾರ ಬೇ. ನೀ ಸುಮ್ನ ತಗೋ."

ಒಂಬತ್ತನೇ ದಿನ ಅವ್ವನ ಬಾಯೆಲ್ಲ ಹುಣ್ಣಾಯಿತು. ಖಾರ ಹೋಗಲಿ, ಮಜ್ಜಿಗೆ ಕುಡಿದರೂ ಉರಿ. ಆಮೇಲೆ ಜ್ವರ ಬಂತು. ನಮ್ಮ ಓಣಿಯ ಆಶಾ ಕಾರ್ಯಕರ್ತೆ ಮನೆಗೆ ಬಂದವರು ಗುಳಿಗೆ ತೋರಿಸು ಅಂದರು. ನೋಡಿ, "ಇದು ನನಗ ಗೊತ್ತಾಗವಲ್ದು, ಆದರ ತಡಾ ಮಾಡಬ್ಯಾಡ್ರಿ" ಅಂದರು. ಅವರು ಗೊತ್ತಿಲ್ಲ ಅಂದ ಆ ಮಾತೇ ನಮ್ಮನ್ನು ಉಳಿಸಿತು. ಅದೇ ಸಂಜೆ ಬಾಗಲಕೋಟೆಗೆ ಹೋದೆವು.

ಅಲ್ಲಿನ ಡಾಕ್ಟರಮ್ಮ ಪಟ್ಟಿಯಲ್ಲಿ ಖಾಲಿಯಾದ ಗುಳಿಗೆಗಳನ್ನು ಎಣಿಸಿದರು. ಒಂಬತ್ತು. "ಒಂಬತ್ತು ವಾರದ್ದನ್ನ ಒಂಬತ್ತು ದಿನದಾಗ ತಗೊಂಡಾರ" ಅಂದರು. ನನ್ನ ಕಾಲ ಕೆಳಗಿನ ನೆಲ ಕುಸಿದಂತಾಯಿತು.

ಅವರು ವಿವರಿಸಿದ್ದು ಇಷ್ಟು. ನಮ್ಮ ಬಾಯಿಯ ಒಳಗಿನ ಚರ್ಮ, ರಕ್ತದ ಕಣ ದಿನಾ ಹೊಸದಾಗಿ ಹುಟ್ಟುತ್ತವೆ. ಹಾಗೆ ಹುಟ್ಟಲು ಫೋಲಿಕ್ ಆಸಿಡ್ ಬೇಕು. ಮೆಥೊಟ್ರೆಕ್ಸೇಟ್ ಅದರ ಕೆಲಸಕ್ಕೆ ತಡೆ ಹಾಕುತ್ತದೆ. ವಾರಕ್ಕೊಮ್ಮೆ ತೆಗೆದುಕೊಂಡರೆ ಕೀಲಿನ ಬಾವು ಇಳಿಯುತ್ತದೆ, ದೇಹಕ್ಕೆ ಚೇತರಿಸಿಕೊಳ್ಳಲು ನಡುವೆ ದಿನ ಸಿಗುತ್ತವೆ. ದಿನಾ ತೆಗೆದುಕೊಂಡರೆ ಆ ದಿನಗಳು ಸಿಗುವುದಿಲ್ಲ. ಬಾಯಲ್ಲಿ ಹುಣ್ಣಾಗುತ್ತದೆ, ರಕ್ತದ ಬಿಳಿ ಕಣ ಇಳಿಯುತ್ತವೆ, ಸಣ್ಣ ಸೋಂಕೂ ಜೀವಕ್ಕೆ ಬರುತ್ತದೆ. ಅವ್ವನಿಗೆ ಬಿಳಿ ಕಣ ಬಹಳ ಇಳಿದಿದ್ದವು. ಎಂಟು ದಿನ ಇಟ್ಟುಕೊಂಡು ಇಂಜೆಕ್ಷನ್ ಕೊಟ್ಟು ಉಳಿಸಿದರು.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಒಂದು ಕೆಲಸ ಮಾಡಿದರು. ನನ್ನನ್ನು ಬಿಟ್ಟು ಅವ್ವನ ಮುಂದೆ ಕೂತರು. "ಅವ್ವಾರ, ನಾ ಸರಿಯಾಗಿ ಹೇಳೀನೋ ಇಲ್ಲೋ ನೋಡಬೇಕಾಗೇತಿ. ಮನಿಗೆ ಹೋದ ಮ್ಯಾಲ ಯಾವ ಗುಳಿಗಿ ಯಾವಾಗ ತಗೋತೀರಿ, ನನಗ ಹೇಳಿ ತೋರಸ್ರಿ" ಅಂದರು. ಅವ್ವ ಹೇಳಿದಳು. ಒಂದು ಕಡೆ ತಪ್ಪಿದಳು. ಅವರು ಬೈಯಲಿಲ್ಲ. "ನಾನ ಸರಿಯಾಗಿ ಹೇಳಲಿಲ್ಲ ತಗೋರಿ" ಅಂತ ಇನ್ನೊಮ್ಮೆ ಹೇಳಿದರು, ಇನ್ನೊಮ್ಮೆ ಹೇಳಿಸಿದರು. ಎರಡೇ ನಿಮಿಷ ಹಿಡಿಯಿತು.

"ತಿಳೀತಾ?" ಅಂತ ಕೇಳಿದರೆ ನಮ್ಮ ಕಡೆ ಯಾರೂ ಇಲ್ಲ ಅನ್ನುವುದಿಲ್ಲ. ಡಾಕ್ಟರ ಮುಂದೆ ಇಲ್ಲ ಅನ್ನುವುದು ಮರ್ಯಾದೆಯಲ್ಲ ಅಂತ ನಾವು ತಿಳಿದಿದ್ದೇವೆ. ಆದರೆ ಹೇಳಿ ತೋರಿಸಿ ಅಂದರೆ ಹೂಂ ಅಂದು ಎದ್ದು ಬರಲು ಆಗುವುದಿಲ್ಲ.

ದವಾಖಾನೆಯ ಬೆಂಚಿನ ಮೇಲೆ ಆ ಎಂಟು ರಾತ್ರಿ ಫೋನ್ ಹಿಡಿದು ಕೂತಿದ್ದೆ. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಓದು ಬಂದವನಿಗೇ ಹೀಗಾದರೆ, ಓದು ಅಂದರೆ ಏನು? ಇದನ್ನು ಅಳೆಯಲು ಜಗತ್ತಿನಲ್ಲಿ ಯಾರಾದರೂ ಪ್ರಯತ್ನಿಸಿದ್ದಾರೆಯೇ?

ನಮ್ಮಲ್ಲಿ ಓದನ್ನು ಅಳೆಯುವುದು ಜನಗಣತಿ. ಏಳು ವರ್ಷ ತುಂಬಿದವರು ಯಾವುದಾದರೂ ಒಂದು ಭಾಷೆಯನ್ನು ಅರ್ಥ ತಿಳಿದು ಓದಿ ಬರೆಯಬಲ್ಲರಾದರೆ ಅವರು ಸಾಕ್ಷರರು. 2011ರ ಗಣತಿಯ ಲೆಕ್ಕದಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 69 ಮಂದಿ ಸಾಕ್ಷರರು. ಗಣತಿಗೆ ಬಂದವರು ಓದಿಸಿ ನೋಡುವುದಿಲ್ಲ, ಕೇಳಿ ಬರೆದುಕೊಳ್ಳುತ್ತಾರೆ. ಆ 69ರಲ್ಲಿ ನಾನೂ ಇದ್ದೇನೆ, ಅವ್ವನೂ ಇದ್ದಾಳೆ. ಗುಳಿಗೆಯ ಮುಂದೆ ಆ ಲೆಕ್ಕ ನಮ್ಮಿಬ್ಬರ ಕೆಲಸಕ್ಕೂ ಬರಲಿಲ್ಲ.

ಅಮೆರಿಕದವರು ಆರೋಗ್ಯದ ಓದನ್ನೇ ಬೇರೆಯಾಗಿ ಅಳೆಯಲು ಪರೀಕ್ಷೆ ಮಾಡಿದ್ದಾರೆ. 'ರೀಲ್ಮ್' ಅನ್ನುವ ಪರೀಕ್ಷೆ 1991ರಲ್ಲಿ ಬಂತು, 1993ರಲ್ಲಿ ಅದನ್ನು 66 ಪದಕ್ಕೆ ಇಳಿಸಿದರು. ದವಾಖಾನೆಯಲ್ಲಿ ಬಳಸುವ ಪದಗಳ ಪಟ್ಟಿ ಕೊಟ್ಟು ಗಟ್ಟಿಯಾಗಿ ಓದು ಅನ್ನುತ್ತಾರೆ. ಸರಿಯಾಗಿ ಉಚ್ಚರಿಸಿದ್ದಕ್ಕೆ ಅಂಕ. ಅರ್ಥ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ಬರೆಯುವುದು ಒಂದು, ಅನ್ನುವುದು ಇನ್ನೊಂದು. ಪದದ ಪರಿಚಯ ಇಲ್ಲದವನು ಓದುವಾಗ ಎಡವುತ್ತಾನೆ. ಹಾಗಾಗಿ ಅಲ್ಲಿ ಅದು ಸ್ವಲ್ಪ ಕೆಲಸ ಮಾಡುತ್ತದೆ.

ಕನ್ನಡದಲ್ಲಿ ಮಾಡಿ ನೋಡಿ. 'ಹೈಪರ್‌ಟೆನ್ಷನ್', 'ಹಿಮೋಗ್ಲೋಬಿನ್' ಅಂತ ಕನ್ನಡದಲ್ಲಿ ಬರೆದು ನಾಲ್ಕನೆಯ ಇಯತ್ತೆಯ ನನ್ನ ಅಣ್ಣನ ಮಗಳ ಮುಂದೆ ಇಟ್ಟೆ. ಪಟಪಟ ಓದಿದಳು. "ಏನವ್ವಾ ಹಂಗಂದ್ರ?" ಅಂದೆ. "ಗೊತ್ತಿಲ್ಲ ಕಾಕಾ" ಅಂದಳು. ನಮ್ಮ ಲಿಪಿಯಲ್ಲಿ ಅಕ್ಷರ ಬಂದರೆ ಓದು ಬಂತು, ಅರ್ಥ ಬರಲಿ ಬಿಡಲಿ. ಸ್ಪ್ಯಾನಿಷ್ ಭಾಷೆಗೂ ಇದೇ ತೊಡಕು. ಅದಕ್ಕೇ 2006ರಲ್ಲಿ ಆ ಭಾಷೆಗೆ 50 ಪದದ ಬೇರೆ ಪರೀಕ್ಷೆ ಮಾಡಿದರು. ಪದ ಓದಿದ ಮೇಲೆ, ಕೊಟ್ಟ ಎರಡು ಪದದಲ್ಲಿ ಅದಕ್ಕೆ ಸಂಬಂಧಿಸಿದ್ದು ಯಾವುದು ಅಂತಲೂ ಹೇಳಬೇಕು.

ಲೆಕ್ಕದ ಪರೀಕ್ಷೆಯೂ ಇದೆ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೂರೇ ಪ್ರಶ್ನೆ. ನಾಣ್ಯವನ್ನು 1000 ಸಲ ಚಿಮ್ಮಿದರೆ ಹೆಡ್ ಎಷ್ಟು ಸಲ ಬೀಳಬಹುದು? ನೂರಕ್ಕೆ ಒಬ್ಬರಿಗೆ ಬಹುಮಾನ ಅಂದರೆ 1000 ಜನರಲ್ಲಿ ಎಷ್ಟು ಮಂದಿಗೆ? ಸಾವಿರಕ್ಕೆ ಒಬ್ಬರಿಗೆ ಅಂದರೆ ನೂರಕ್ಕೆ ಎಷ್ಟು? ಉತ್ತರಿಸಿದ ಅಮೆರಿಕದ ಮಹಿಳೆಯರಲ್ಲಿ ಹೆಚ್ಚಿನವರು ಹೈಸ್ಕೂಲ್ ಮುಗಿಸಿದವರು. ಮೂರಕ್ಕೆ ಮೂರೂ ಸರಿ ಹೇಳಿದವರು ನೂರಕ್ಕೆ 16 ಮಾತ್ರ.

ಅವ್ವ ಮನೆಗೆ ಬಂದು ಸುಧಾರಿಸಿಕೊಂಡ ಮೇಲೆ ಒಂದು ಸಂಜೆ ಕಟ್ಟೆಯ ಮೇಲೆ ಕೂತು ಇದೇ ಮೂರು ಪ್ರಶ್ನೆ ಕೇಳಿದೆ.

"ಅರ್ಧಾಅರ್ಧಾ. ಐದುನೂರು, ಹೆಚ್ಚು ಕಡಿಮಿ."

"ನೂರಕ್ಕ ಒಂದಂದ್ರ ಸಾವಿರಕ್ಕ ಹತ್ತು. ಬಡ್ಡಿ ಲೆಕ್ಕ ಅಲ್ಲನು ಇದು?"

ಮೂರನೆಯದಕ್ಕೆ ಸ್ವಲ್ಪ ತಡೆದಳು. "ಸಾವಿರಕ್ಕ ಒಂದ್ ರೂಪಾಯಿ ಅಂದ್ರ, ನೂರಕ್ಕ ಹತ್ತು ಪೈಸಾ."

ಮೂರಕ್ಕೆ ಮೂರೂ ಸರಿ. ಸವಾ, ದೀಡ, ಅಡೀಚ ಅಂತ ಬಾಯಲ್ಲೇ ಲೆಕ್ಕ ಮಾಡುವವಳಿಗೆ ಲೆಕ್ಕ ಬರುವುದಿಲ್ಲ ಅನ್ನುವ ಹಾಗಿರಲಿಲ್ಲ. ಆ ಲೆಕ್ಕವನ್ನು ಅವಳ ಮಾತಿನಲ್ಲಿ ಯಾರೂ ಕೇಳಿರಲಿಲ್ಲ, ಅಷ್ಟೇ.

ಅಲ್ಲಿಂದ ಸುದ್ದಿಗೆ ಹೋದ ಊರಲ್ಲೆಲ್ಲ ಒಂದೆರಡು ಪ್ರಶ್ನೆ ಕೇಳುವುದು ನನಗೆ ರೂಢಿಯಾಯಿತು. ಇದು ಸಮೀಕ್ಷೆ ಅಲ್ಲ. ಕಂಡದ್ದನ್ನು ಹೇಳುತ್ತೇನೆ.

ಬಾದಾಮಿಯಲ್ಲಿ ಚಹಾ ಅಂಗಡಿಯ ಹಿರಿಯರೊಬ್ಬರು ತಮ್ಮ ಬಿಪಿ ಚೀಟಿ ತೋರಿಸಿ ಖುಷಿಯಾಗಿದ್ದರು. 160/100 ಅಂತ ಇತ್ತು. "ನೂರಾಅರವತ್ತಕ್ಕ ನೂರು ಬಂದೈತ್ರಿ, ಫಸ್ಟ್ ಕ್ಲಾಸ್ ಪಾಸ್" ಅಂದರು. ನಗು ಬಂತು, ಆಮೇಲೆ ಹೆದರಿಕೆ ಬಂತು. ಶಾಲೆಯಲ್ಲಿ ಓರೆಗೆರೆ ಹಾಕಿ ಬರೆಯುವುದು ಅಂಕವನ್ನೇ. ಮೇಲಿನದು ಹೃದಯ ಹಿಂಡಿದಾಗಿನ ಒತ್ತಡ, ಕೆಳಗಿನದು ಹೃದಯ ಸಡಿಲಾದಾಗಿನ ಒತ್ತಡ, 140/90 ದಾಟಿದರೆ ಡಾಕ್ಟರ ಹತ್ತಿರ ಹೋಗಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅವರು ತಮಗೆ ಗೊತ್ತಿದ್ದ ಓದನ್ನೇ ಬಳಸಿದ್ದರು.

ಹುನಗುಂದದ ಎರೆಹೊಲದ ರೈತರೊಬ್ಬರು ಕಡಲೆಗೆ ಔಷಧ ಹೊಡೆಯುವಾಗ ಪಂಪಿಗೆ ಎಷ್ಟು ಎಂಎಲ್ ಅಂತ ಮುಚ್ಚಳದಲ್ಲಿ ಅಳೆದು ಹಾಕುತ್ತಾರೆ. ಒಂದು ಹನಿ ಹೆಚ್ಚಾದರೆ ಬೆಳೆ ಸುಡುತ್ತದೆ ಅಂತ ಅವರಿಗೆ ಗೊತ್ತು. ಅವರ ಮನೆಯಲ್ಲೇ ಮೊಮ್ಮಗನ ಜ್ವರದ ಔಷಧವನ್ನು ಅಡುಗೆಮನೆಯ ಚಮಚದಲ್ಲಿ ಕೊಡುತ್ತಿದ್ದರು. ಪ್ಯಾರಾಸಿಟಮಾಲ್ ಸಿರಪ್ಪು 5 ಎಂಎಲ್‌ಗೆ 120 ಮಿಲಿಗ್ರಾಂ ಇರುವುದೂ ಇದೆ, 250 ಮಿಲಿಗ್ರಾಂ ಇರುವುದೂ ಇದೆ. ಕೂಸುಗಳಿಗೆ ಕೊಡುವ ಹನಿ ಔಷಧದಲ್ಲಿ ಒಂದೇ ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ. ಹೋದ ಸಲ ಎರಡು ಚಮಚ ಕೊಟ್ಟಿದ್ದೆವು, ಈ ಸಲವೂ ಅಷ್ಟೇ ಅಂದರೆ ಔಷಧ ದುಪ್ಪಟ್ಟಾಗಬಹುದು. "ಪಂಪಿಗೆ ಹಾಕೋ ಹಂಗ ಅಳೀರಿ" ಅಂದೆ. ಅವರಿಗೆ ಥಟ್ಟನೆ ತಿಳಿಯಿತು.

ಬಾಗಲಕೋಟೆಯ ನವನಗರದಲ್ಲಿ ಔಷಧ ಅಂಗಡಿಯ ಫಾರ್ಮಸಿಸ್ಟ್ ಒಬ್ಬರು ನನಗೇ ಪಾಠ ಮಾಡಿದರು. ಸಕ್ಕರೆ ಕಾಯಿಲೆಯ ಇನ್ಸುಲಿನ್ ಬಾಟಲಿ ನಮ್ಮಲ್ಲಿ ಹೆಚ್ಚಾಗಿ ಎಂಎಲ್‌ಗೆ 40 ಯೂನಿಟ್ಟಿನದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. 100 ಯೂನಿಟ್ಟಿನದೂ ಇದೆ, ಅದಕ್ಕೆ ಕಿತ್ತಳೆ ಮುಚ್ಚಳದ್ದು. ಅದಲುಬದಲಾದರೆ ಗೆರೆಯಲ್ಲಿ 20 ಅಂತ ಕಂಡರೂ ಒಳಗೆ ಹೋಗುವುದು 20 ಅಲ್ಲ. ಒಂದು ಕಡೆ 8 ಆಗುತ್ತದೆ, ಇನ್ನೊಂದು ಕಡೆ 50 ಆಗುತ್ತದೆ. 50 ಹೋದರೆ ಸಕ್ಕರೆ ಇಳಿದು ಮನುಷ್ಯ ಎಚ್ಚರ ತಪ್ಪಬಹುದು. "ನಾ ಅಕ್ಷರ ಓದ್ರಿ ಅನ್ನಂಗಿಲ್ಲ, ಬಾಟ್ಲಿ ಮತ್ತ ಮುಚ್ಚಳ ಜೋಡಿ ಇಟ್ಟು ತೋರಸ್ರಿ ಅಂತೀನಿ" ಅಂದರು.

ಫೋನಿನಲ್ಲಿ ಓದಿದ ಇನ್ನೊಂದು ಅಧ್ಯಯನ ನನಗೆ ಮರೆಯುವುದಿಲ್ಲ. 2006ರದು. ಅಮೆರಿಕದ ಮೂರು ಊರಿನ ದವಾಖಾನೆಗಳಲ್ಲಿ 395 ರೋಗಿಗಳಿಗೆ ಔಷಧದ ಚೀಟಿ ಕೊಟ್ಟು ಓದಿಸಿದರು. ಒಂದರ ಮೇಲೆ ಎರಡೆರಡು ಗುಳಿಗೆ ದಿನಕ್ಕೆ ಎರಡು ಸಲ ಅಂತ ಇತ್ತು. ಓದು ಕಡಿಮೆ ಇದ್ದವರಲ್ಲಿ ನೂರಕ್ಕೆ 71 ಮಂದಿ ಆ ಸಾಲನ್ನು ಸರಿಯಾಗಿ ಹೇಳಿದರು. ಹಾಗಾದರೆ ದಿನಕ್ಕೆ ಎಷ್ಟು ಗುಳಿಗೆ, ಎಣಿಸಿ ತೋರಿಸಿ ಅಂದಾಗ ಸರಿಯಾಗಿ ತೋರಿಸಿದವರು 35 ಮಾತ್ರ.

ಹುನಗುಂದದಲ್ಲೇ ಒಂದು ಮನೆಯಲ್ಲಿ ಗುಳಿಗೆ ಬದಲು ಕಡಲೆಕಾಳು ಇಟ್ಟು ಇದನ್ನು ಮಾಡಿ ನೋಡಿದೆ. ನಿವೃತ್ತ ಮಾಸ್ತರರು ಚೆಂದಾಗಿ ಓದಿ ಎರಡು ಕಾಳು ಇಟ್ಟರು. ಒಲೆಯ ಮುಂದಿದ್ದ ಅವರ ಹೆಂಡತಿ ಬಂದು ಇನ್ನೆರಡು ಇಟ್ಟರು. "ಮುಂಜಾನಿ ಎರಡು, ಸಂಜಿಗೆ ಎರಡು. ಒಟ್ಟು ನಾಕಲ್ರೀ?" ಅಂದರು. ಆ ತಾಯಿಗೆ ಓದು ಬರುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇದು. ಜನರ ಆರೋಗ್ಯದ ಓದು, ಲೆಕ್ಕ ಅಳೆಯಬೇಕಾದರೆ ಓದಿಸಿ ನೋಡಿದರೆ ಸಾಲದು, ಮಾಡಿಸಿ ನೋಡಬೇಕು. ಮಾಡುವಾಗ ತಪ್ಪಿದರೆ ಅದು ಕೇಳಿದವರಿಗೆ ಬಿದ್ದ ಸೊನ್ನೆ ಅಲ್ಲ. ಹೇಳಿದವರು, ಬರೆದವರು, ಓದಿ ಹೇಳಿದವರು, ಎಲ್ಲರಿಗೂ ಅದರಲ್ಲಿ ಪಾಲಿದೆ. ಡಾಕ್ಟರು ಔಷಧದ ಹೆಸರನ್ನು ತಿಳಿಯುವ ಹಾಗೆ, ಆದಷ್ಟು ದೊಡ್ಡ ಅಕ್ಷರದಲ್ಲಿ ಬರೆಯಬೇಕು ಅಂತ 2016ರಲ್ಲೇ ವೈದ್ಯಕೀಯ ಮಂಡಳಿಯ ನಿಯಮ ಬಂದಿದೆ. ಔಷಧ ಹೇಗೆ ತೆಗೆದುಕೊಳ್ಳಬೇಕು ಅಂತ ತಿಳಿಹೇಳುವುದು ಫಾರ್ಮಸಿಸ್ಟರ ಕೆಲಸ ಅಂತ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮ ಹೇಳುತ್ತದೆ. ಅಂದರೆ ಕೇಳುವುದು ನಮ್ಮ ಹಕ್ಕು. ಕೇಳಿದರೆ ಬೇಜಾರಾಗುತ್ತಾರೆ ಅಂತ ಸುಮ್ಮನೆ ಬರಬೇಡಿ.

ಈಗ ನಮ್ಮ ಮನೆಯಲ್ಲಿ ನಾಲ್ಕು ಪದ್ಧತಿ ಇವೆ. ನಿಮಗೂ ಬೇಕಾದರೆ ಇಟ್ಟುಕೊಳ್ಳಿ.

ಒಂದು, ಡಾಕ್ಟರ ಮುಂದಿನಿಂದ ಏಳುವ ಮೊದಲು "ನಾ ತಿಳಕೊಂಡಿದ್ದು ಹೇಳ್ತೀನ್ರಿ, ಸರಿ ಐತೇನ್ ನೋಡ್ರಿ" ಅಂತ ತಿರುಗಿ ಹೇಳುವುದು.

ಎರಡು, ಪ್ರತಿ ಗುಳಿಗೆಗೂ ಮೂರು ಪ್ರಶ್ನೆ: ಯಾತಕ್ಕ, ಎಷ್ಟು, ಯಾವಾಗ. ದಿನಾನೋ ವಾರಕ್ಕೊಮ್ಮೆಯೋ ಅಂತ ಬಾಯಿಬಿಟ್ಟು ಕೇಳುವುದು. ಔಷಧ ಅಂಗಡಿಯಲ್ಲಿ ಪಟ್ಟಿಯ ಮೇಲೆ ಬರೀ '1' ಬೇಡ, ಕನ್ನಡದಲ್ಲಿ ಬರೆದುಕೊಡಿ ಅನ್ನುವುದು.

ಮೂರು, ಸಿರಪ್ಪಿಗೆ ಅದರ ಜೊತೆಗೆ ಬಂದ ಅಳತೆಯ ಮುಚ್ಚಳ ಅಥವಾ ಸಿರಿಂಜು. ಅಡುಗೆಮನೆಯ ಚಮಚ ಬೇಡ.

ನಾಲ್ಕು, ಸಂಶಯ ಬಂದರೆ ನಾವೇ ತೀರ್ಮಾನ ಮಾಡುವುದಿಲ್ಲ. ಬಿಪಿ, ಸಕ್ಕರೆಯ ಗುಳಿಗೆಯನ್ನು ಹೆದರಿ ನಡುವೆ ಬಿಡುವುದೂ ಅಪಾಯವೇ. ಅವತ್ತೇ ಫೋನ್ ಮಾಡಿ ಅಥವಾ ಹೋಗಿ ಕೇಳುತ್ತೇವೆ.

ಮೂರು ತಿಂಗಳ ನಂತರ ಡಾಕ್ಟರಮ್ಮ ಅವ್ವನಿಗೆ ಅದೇ ವಾರದ ಗುಳಿಗೆಯನ್ನು ಮತ್ತೆ ಶುರು ಮಾಡಿದರು. ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು ಅಂದರು. ಯಾವ ವಾರ ಇಟ್ಟುಕೊಳ್ಳುತ್ತೀರಿ ಅಂತ ಅವ್ವನನ್ನೇ ಕೇಳಿದರು. "ಸೋಮಾರ. ಬಸವಣ್ಣನ ವಾರ, ಮರ್ಯಾಂಗಿಲ್ಲ" ಅಂದಳು. ಕೂಡಲಸಂಗಮ ಮಗ್ಗುಲಲ್ಲೇ ಇರುವ ನಮಗೆ ಸೋಮವಾರ ಮರೆಯುವುದುಂಟೇ? ಆ ಗುಳಿಗೆ ಈಗ ಬೇರೆ ಡಬ್ಬಿಯಲ್ಲಿದೆ. ಡಬ್ಬಿಗೆ ಅವ್ವ ಕೆಂಪು ರೇಷ್ಮೆ ಎಳೆ ಸುತ್ತಿದ್ದಾಳೆ. ಕೈ ಬಾವು ಇಳಿದಿದೆ. ಮಗ್ಗದ ಕೆಲಸ ಆಗುವುದಿಲ್ಲ, ರೊಟ್ಟಿ ಬಡಿಯುತ್ತಾಳೆ.

ಆರೋಗ್ಯ ಶಿಬಿರದ ಸುದ್ದಿ ಬರೆಯುವಾಗ ನಾನು ಎಷ್ಟೋ ಸಲ "ಗ್ರಾಮೀಣ ಜನರಲ್ಲಿ ಅರಿವಿನ ಕೊರತೆ" ಅಂತ ಬರೆದಿದ್ದೇನೆ. ಡೆಸ್ಕಿನವರು ಅದನ್ನೇ ತಲೆಬರಹ ಮಾಡಿದ್ದೂ ಇದೆ. ಈಗ ಆ ಸಾಲು ಬರೆಯಲು ಕೈ ಬರುವುದಿಲ್ಲ. ಅವತ್ತು ನಮ್ಮ ಮನೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ನಾಲ್ಕನೆಯ ಇಯತ್ತೆ ಓದಿದ ಅವ್ವ. ಸುಮ್ಮನಿರು ಅಂದವನು ಡಿಪ್ಲೊಮಾ ಮಾಡಿದ ನಾನು.

ನಿಮ್ಮ ಮನೆಯಲ್ಲೂ ಯಾರಾದರೂ ಗುಳಿಗೆಯನ್ನು ಅಂಗೈಯಲ್ಲಿ ಇಟ್ಟುಕೊಂಡು "ಇದ್ಯಾಕ ಹಿಂಗೈತಿ?" ಅಂತ ಕೇಳಿದರೆ ಸುಮ್ಮನೆ ತಗೋ ಅನ್ನಬೇಡಿ. ಚೀಟಿ ತೆಗೆದುಕೊಂಡು ಇನ್ನೊಮ್ಮೆ ಕೇಳಿಕೊಂಡು ಬನ್ನಿ.